ಒಬ್ಬರ ಗುಬ್ಬಿ ಇನ್ನೊಬ್ಬರ ದಡ್ಯಾಗ

ನನ್ನ ಸೊಸಿ ಲಗ್ನ ಆಗಿ ಬರೂಮುಂದ ಮುಧೋಳದಿಂದ ಒಂದು ಕಂಪ್ಯೂಟರ್ ತಂದಳು. ಮಂದಿ ಮನಿ ಸೊಸ್ತ್ಯಾರು ಹಂಡೆ, ಕೊಡ, ಕಪಾಟು ತರತಾರ. "ಇದರಾಗ ನೀರು ಕಾಯತಾವೇನು?" ಅಂತ ನಾ ಬೀಗರ ಮುಂದ ಕೇಳಿದೆ. "ಇಲ್ರೀ ಅತ್ತಿ, ಇದು ಕಾದ್ರ ಬಂದ್ ಬೀಳತೈತಿ," ಅಂದಳು. ಅವತ್ತ ಈ ಹುಡುಗಿ ನನ್ನ ಮನಸಿಗೆ ಬಂದಳು. ಮಾತಿಗೆ ಮಾತು ಕೊಡಾವರು ಮನ್ಯಾಗ ಇರಬೇಕು. ಇಲ್ಲಂದ್ರ ಗೋಡಿ ಕೂಡ ಎಷ್ಟಂತ ಮಾತಾಡೂದು.

ನಾವು ಮೂಲದಿಂದ ನೇಕಾರರಲ್ಲ. ಬೀಳಗಿ ಕಡಿ ಕುರಿ ಕಾಯೂ ಮಂದಿ, ಬೀರದೇವರ ಒಕ್ಕಲು. ಆಲಮಟ್ಟಿ ನೀರು ಏರಿ ಊರು ಮುಳಗಿದ ಮ್ಯಾಲ ಕುರಿ ಮಾರಿ ಬನಹಟ್ಟಿಗೆ ಬಂದ್ವಿ, ಮಗ್ಗ ಹಾಕಿದ್ವಿ. ಅತ್ರ ನೀರು ಇಳೀತಾವೇನು? ಇಳಿಯೂದಿಲ್ಲ. ನನ್ನ ಮಗ ಮಗ್ಗ ನಡಸೂದು ಕಲತ, ನಾ ಕಂಡಿಕಿ ಸುತ್ತೂದು ಕಲತೆ. ಲಾಳ್ಯಾಗ ನೂಲಿನ ಉರುಳಿ ಕುಂಡ್ರಸ್ತಾರಲ್ಲ, ಅದ ಕಂಡಿಕಿ. ನನಗ ಅಕ್ಷರ ಅಷ್ಟಕ್ಕಷ್ಟ. ಸಹಿ ಮಾಡತೀನಿ, ಬಸ್ಸಿನ ಬೋರ್ಡು ಓದತೀನಿ. ಇದನ್ನೂ ನಾನ ಬರದೀನಿ, ತಪ್ಪು ಇದ್ದಲ್ಲಿ ಸೊಸಿ ತಿದ್ದ್ಯಾಳ. ನಾ ಬೈದದ್ದನ್ನ ಮಾತ್ರ ತಿದ್ದಬ್ಯಾಡ ಅಂತ ಹೇಳೀನಿ.

ಸೊಸಿ ಜಮಖಂಡಿ ಕಾಲೇಜಿನ್ಯಾಗ ಕಂಪ್ಯೂಟರ್ ಕಲತಾಕಿ. ಮುಂದಿನ ಕೋಲ್ಯಾಗ ಮೇಜು ಹಾಕಿ, ಸೀರಿ ಡಿಜೈನ್ ಬರದು ಕೊಡಾಕ ಸುರು ಮಾಡಿದಳು. ಮೊದಲ ಇದನ್ನ ಚೌಕಡಿ ಕಾಗದದ ಮ್ಯಾಲ ಪೆನ್ಸಿಲ್ ಹಿಡದು ಬರೀತಿದ್ರು, ಒಂದು ಹೂವಿಗೆ ಒಂದು ದಿನ ಹಿಡೀತಿತ್ತು. ಈಕಿ ಚಹಾ ಆರೂದರಾಗ ಹೂವು ತಗದು, ಅದನ್ನ ತಿರುವಿ, ಮತ್ತೊಂದು ತಗೀತಿದ್ದಳು. ಬನಹಟ್ಟಿ, ರಬಕವಿ, ಜಮಖಂಡಿ ಸಾವಕಾರರು ಬಂದು ತಮ್ಮ ಡಿಜೈನು ಈಕಿ ಮಷಿನ್ಯಾಗ ಇಟ್ಟು ಹೋಗತಿದ್ರು. ನಮ್ಮೂರಾಗ ಡಿಜೈನ್ ಅಂದ್ರ ಲಗ್ನಕ್ಕ ಬಂದ ಮಗಳು ಇದ್ದಂಗ. ಸೀಜನ್ ಬರೂತನಕ ಮಂದಿಗೆ ತೋರಸೂದಿಲ್ಲ. ಒಬ್ಬರದು ಇನ್ನೊಬ್ಬರು ನೋಡಿ ಮೊದಲ ನೇಯ್ದುಬಿಟ್ರ ಮುಗೀತು, ನಿಂದು ಹಳೇದು. ಅದಕ್ಕ ಸೊಸಿ ಹಂತೇಕ ಇಡತಿದ್ರು. ಈ ಹುಡುಗಿ ಬಾಯಿ ಬಿಡೂದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅತ್ತಿ ಬಿಡತಾಳ ಅಂತೂ ಗೊತ್ತಿತ್ತು. ಅದಕ್ಕ ನಾ ಕೋಲ್ಯಾಗ ಬಂದ್ರ ಪರದೆ ಕಡಿ ತಿರುಗಿ ಅಡ್ಡ ನಿಲ್ಲತಿದ್ರು.

ಆ ಡಿಜೈನ್ ಬರಿಯೂ ಸಾಫ್ಟ್‌ವೇರ್ ಪುಕಟ. ನನಗ ಅಲ್ಲೇ ಸಂಶೆ ಬಂತು. "ಯಾವನ ಅವ ಪುಕಟ ಕೊಡಾವ?"

"ಒಬ್ಬ ಸಾಲಿ ಮಾಸ್ತರರಿ ಅತ್ತಿ, ಬ್ಯಾರೆ ದೇಶದಾವ. ಅವ ಸುರು ಮಾಡಿದ, ಆಮ್ಯಾಲ ಎಲ್ಲಾ ದೇಶದವರು ತಮಗ ತಿಳಿದಷ್ಟು ಕೂಡಿಸ್ಯಾರ. ಒಳಗ ಹ್ಯಾಂಗ ಬರದಾರ ಅಂತ ಯಾರು ಬೇಕಾದ್ರೂ ತಗದು ನೋಡಬೌದು. ಕೆಟ್ಟಿದ್ರ ರಿಪೇರಿ ಮಾಡಬೌದು. ಚಿಕ್ಕಪಡಸಲಗಿಗೆ ರೈತರು ತಾವ ಕೂಡಿ ಬ್ಯಾರೇಜ್ ಕಟ್ಟ್ಯಾರಲ್ಲ, ಹಂಗ ಅನ್ರಿ."

"ಅಲ್ಲಿ ಕಲ್ಲು ಹೊತ್ತಾವರು ಅದ ನೀರು ಹೊಲಕ್ಕ ಬಿಟ್ಟಗೋತಾರ. ಈ ಮಾಸ್ತರಗ ಏನ್ ಬರತೈತಿ?"

"ಅವನೂ ಮನ್ಯಾಗ ಕೈಮಗ್ಗ ಇಟ್ಟಾನಂತ. ಸಾಲಿ ಬಿಟ್ಟ ಮ್ಯಾಲ ಹೌಸಿಗೆ ನೇಯ್ತಾನ."

"ಹೌಸಿಗೆ ಮಗ್ಗ?" ಅಂದೆ. ಒಳಗ ನನ್ನ ಮಗ ಮಗ್ಗದ ಸಪ್ಪಳದಾಗ ಕಿವಿ ಕೆಡಿಸ್ಕೊಂಡು ನಿಂತಿದ್ದ. "ಹುಚ್ಚ ಇರಬೇಕು ತಗಿ."

ಈಗ ಆದದ್ದು ಹೇಳತೀನಿ.

ಜಮಖಂಡಿಯಿಂದ ಒಬ್ಬ ಹೆಣ್ಣಮಗಳು ಬರತಿದ್ರು, ಮರಾಠಿ ಮನಿತನ. ನಾವೆಲ್ಲಾ ಕಾಕು ಅಂತಿದ್ವಿ. ನಮ್ಮೂರಾಗ ಮಗ್ಗ ಗೊತ್ತು ಮಾಡಿ ಸೀರಿ ನೇಯಿಸ್ತಿದ್ರು, ಚಿತ್ರ ಮಾತ್ರ ತಾವ ಕೈಲೆ ತಗೀತಿದ್ರು. ಆ ವರ್ಷ ಸಜ್ಜಿ ತೆನಿ ಬರದಿದ್ರು, ತೆನಿ ಮ್ಯಾಲ ಒಂದು ಗುಬ್ಬಿ ತಲಿಕೆಳಗ ಜೋತಾಡಿ ಕಾಳು ಹೆಕ್ಕೂದು. ಹೊಲದಾಗ ಗುಬ್ಬಿ ಖರೇನ ಹಂಗ ಜೋತಾಡತಾವ, ನಾ ಕವಣಿ ಬೀಸಿ ಎಷ್ಟು ಓಡಿಸೀನಿ. ಗುಬ್ಬಿ ನೋಡಿ ಸಿಟ್ಟು ಬರೂದು ಬಿಟ್ಟು ಛಲೋ ಅನಿಸಿದ್ದು ಅದ ಮೊದಲು. ಸೊಸಿ ಮುಂಜಾನಿಯಿಂದ ಆ ಗುಬ್ಬಿ ರೆಕ್ಕಿ ತಿದ್ದಾಕತ್ತಿದ್ದಳು.

ಅಷ್ಟರಾಗ ರಬಕವಿ ಸಾವಕಾರ ಬಂದ. ಪೆನ್ ಡ್ರೈವ್ ಕೊಟ್ಟ. ಬ್ಯಾರೆ ಕಡಿ ಬರಸಿದ ಡಿಜೈನು, ಸ್ವಲ್ಪ ತಿದ್ದಿ ಕೊಡು ಅಂದ. ಸೊಸಿ ಕಾಕುಂದು ಮುಚ್ಚಿ ಅವಂದು ತಗದಳು. ನಾ ಚಹಾ ಹಿಡಕೊಂಡು ಹಿಂದ ನಿಂತಿದ್ದೆ. ನೋಡತೀನಿ, ಸಾವಕಾರನ ಸೀರಿ ಒಡಲು ಬಂತು, ಬರೇ ಚೌಕಡಿ. ಚೌಕಡಿ ಮುಗದು ದಡಿ, ಅಂದ್ರ ಸೀರಿ ಅಂಚು, ಇರೂ ಜಾಗಾದಾಗ ತೆನಿ ಬಂತು. ತೆನಿ ಮ್ಯಾಲ ಅರ್ಧ ಗುಬ್ಬಿ, ತಲಿಕೆಳಗ.

"ಅಯ್ಯ, ಇದು—" ಅಂದೆ. ಸೊಸಿ ನನ್ನ ಕಾಲು ತುಳದಳು. ಪರದೆ ಫಟ್ ಅಂತ ಬಂದ್ ಮಾಡಿ, "ಕರೆಂಟ್ ಹೋತ್ರಿ ಸಾವಕಾರ್ರ," ಅಂದಳು.

ಮ್ಯಾಲ ಫ್ಯಾನ್ ತಿರಗಾಕತ್ತಿತ್ತು. ಹಿಂದ ಮಗ್ಗ ಖಟಖಟ ಅನ್ನಾಕತ್ತಿದ್ವು. ಸಾವಕಾರ ಫ್ಯಾನ್ ನೋಡಿದ, ಸೊಸಿ ಮಾರಿ ನೋಡಿದ. "ಹೌದೇನವಾ? ನಿಮ್ಮ ಫ್ಯಾನ್ ಯಾವ ಕರೆಂಟಿಗೆ ತಿರಗತೈತಿ, ನಮ್ಮ ಮನಿಗೂ ಅದನ್ನ ಎಳಸತೀನಿ," ಅಂದ. ನಕ್ಕು, ಚಹಾ ಕುಡದು, ನಾಳೆ ಬರತೀನಿ ಅಂತ ಹೋದ. ಅವ ಮೊಬೈಲ್ ನೋಡಾಕತ್ತಿದ್ದ, ಪರದೆ ನೋಡಿರಲಿಲ್ಲ. ಸೊಸಿಗೆ ಸುಳ್ಳು ಹೇಳಾಕ ಬರೂದಿಲ್ಲ ಅಂತ ನನಗ ಅವತ್ತ ಗೊತ್ತಾತು.

ಆತೇನು ಅಂದ್ರ, ತಪ್ಪು ನಮ್ಮ ಮಂದಿ ರೂಢಿಯೊಳಗ ಇತ್ತು. ನಮ್ಮಲ್ಲಿ ಸೀರಿ ಅಗಲ ಕೇಳಿದ್ರ ಎರಡೂ ದಡಿ ಹಿಡದು ಹೇಳತಾರ. ಚಿತ್ರ ಬರಿಯೂದು ಮಾತ್ರ ಒಡಲಿಂದ ಅಷ್ಟ, ದಡಿ ಬರಿಯಾವ ಬ್ಯಾರೆ ಇರತಾನ. ದಡಿ ಆಮ್ಯಾಲ ಬರತೈತಿ ಅಂತ ಇಲ್ಲಿ ಕೂಸಿಗೂ ಗೊತ್ತು. ಸಾವಕಾರ ಹಂಗ ಬರಸಿದ್ದ. ಎಳಿ ಇಷ್ಟದಾವ ಅಂತ ಮ್ಯಾಲ ದಡಿ ಹಿಡದು ಲೆಕ್ಕ, ಕೆಳಗ ಚಿತ್ರ ದಡಿ ಬಿಟ್ಟು. ಬ್ಯಾರೆ ದೇಶದಾಗ ಯಾರೂ ಹಿಂಗ ಮಾಡೂದಿಲ್ಲಂತ. ಅಲ್ಲಿ ಇಡೀ ಬಟ್ಟಿ ಒಬ್ಬನ ಬರೀತಾನ. ಹಿಂಗಾಗಿ ಆ ಸಾಫ್ಟ್‌ವೇರ್ ಲೆಕ್ಕ ಹೇಳಿದಷ್ಟು ಎಳಿ ಅದಾವೋ ಇಲ್ಲೋ ಎಣಸಿ ನೋಡೂದಿಲ್ಲ. ಹೇಳಿದ್ದು ನಂಬತೈತಿ. ದಡಿ ಜಾಗಾದಾಗ ಎಳಿ ಸಿಗಲಿಲ್ಲಂದ್ರ ಪಕ್ಕದಾಗ ಬಿದ್ದದ್ದು ತಗದು ತುಂಬತೈತಿ. ಮುಚ್ಚಿದ ಡಿಜೈನೂ ಸ್ವಲ್ಪ ಹೊತ್ತು ಮಷಿನ್ಯಾಗ ಬಿದ್ದಿರತೈತಂತ. ಅವತ್ತ ಪಕ್ಕದಾಗ ಬಿದ್ದಿದ್ದು ಕಾಕುನ ಗುಬ್ಬಿ.

ಸೊಸಿ ಆ ವಾರ ಸಾಫ್ಟ್‌ವೇರಿನ ಒಳಗಿಂದು ತಗದು ಕುಂತಳು. ಅನ್ನಕ್ಕ ಕರದ್ರ ಬಂದೆ ಅಂತಿದ್ದಳು, ಬರತಿರಲಿಲ್ಲ. ಕಡೀಕ ನಾನ ತಾಟು ಒಯ್ದು ಮೇಜಿನ ಮ್ಯಾಲ ಇಟ್ಟೆ.

"ಸಿಕ್ಕಿತ್ರಿ ಅತ್ತಿ," ಅಂದಳು. ಮಾರಿ ಸಣ್ಣಗಾಗಿತ್ತು. "ಇದು ಬರೇ ಗೊಂದಲ ಅಲ್ರಿ. ಬೇಕಂತ ಸುಳ್ಳು ಲೆಕ್ಕ ಬರದು ಒಂದು ಡಿಜೈನ್ ಮಾಡಿ ಯಾವನರ ನನ್ನ ಹಂತೇಕ ತಿದ್ದಾಕ ಕೊಟ್ಟ ಅನ್ರಿ. ನಾ ತಗದು, ತಿದ್ದಿ, ಉಳಸಿ ವಾಪಸ್ ಕೊಡತೀನಿ. ನನ್ನ ಮಷಿನ್ಯಾಗ ಆ ಹೊತ್ತಿನ್ಯಾಗ ಯಾರ್ಯಾರದು ಬಿದ್ದಿರತೈತಿ, ಅದೆಲ್ಲಾ ಅವನ ಪೆನ್ ಡ್ರೈವಿನ್ಯಾಗ ಹೊಂಟು ಹೋಗತೈತಿ. ನಾನ ಕೈಯಾರೆ ಕೊಟ್ಟಂಗ."

ನನಗ ತಿಳೀತು. "ಹಂಗಾರ ತಡ ಯಾಕ? ಸಂತ್ಯಾಗ ನಿಂತು ಒದರತೀನಿ. ಎಲ್ಲಾರೂ ತಮ್ತಮ್ಮ ಬಾಗಲಾ ಹಾಕ್ಕೊಳ್ಳಿ."

"ಬ್ಯಾಡ್ರಿ! ಒದರಿದ್ರ, ಇವತ್ತು ಗೊತ್ತಿಲ್ಲದಾವನೂ ನಾಳೆ ಮಾಡತಾನ. ಮೊದಲ ಆ ಮಾಸ್ತರಗ ಗುಟ್ಟಿಲೆ ಹೇಳಬೇಕು. ಅವ ಕಂಡಿ ಮುಚ್ಚಬೇಕು. ಮುಚ್ಚಿದ ಮ್ಯಾಲ ಎಲ್ಲಾರಿಗೂ ಒದರಬೇಕು. ಇದಕ್ಕ ಹಿಂಗ ರೀತಿ ಐತಿ."

"ನಿಮ್ಮ ರೀತಿ ನೀನ ಇಟಗೋ. ನಮ್ಮಪ್ಪ ಕುರಿಗೆ ಕಾಲುಬಾಯಿ ಬ್ಯಾನಿ ಬಂದ್ರ ತಾನ ಹೋಗಿ, ದೂರ ನಿಂತು, ಮುಂದಿನ ಹಟ್ಟಿಯವರಿಗೆ ಒದರತಿದ್ದ. 'ಈ ಕಡಿ ಬರಬ್ಯಾಡ್ರೋ' ಅಂತ. ಮುಚ್ಚಿಟ್ಟಾವಗ ನಮ್ಮಲ್ಲಿ ಕಂಬಳಿ ಹಾಸಿ ಕುಂಡ್ರು ಅಂತಿರಲಿಲ್ಲ."

"ಅದು ಬ್ಯಾನಿರಿ ಅತ್ತಿ. ಬ್ಯಾನಿ ಸುದ್ದಿ ಕೇಳಿ ಯಾವ ಕಳ್ಳನೂ ಬರೂದಿಲ್ಲ. ಇದು ಬೇಲ್ಯಾಗಿನ ಕಂಡಿ. ಬೇಲಿ ಕಂಡಿ ಸುದ್ದಿ ಯಾರಿಗೆ ಮೊದಲ ಹೇಳತೀರಿ, ಕುರಿ ಕಾಯಾವಗೋ, ತೋಳಕ್ಕೋ?"

"ಕಾಯಾವಗ," ಅಂತ ನಾ ಒಪ್ಪಿದೆ. ಹಿಂಗ ಆಗೂದು ಅಪರೂಪ. ಮಗ ಮಗ್ಗ ನಿಲ್ಲಿಸಿ ಹಣಿಕಿ ಹಾಕಿ ನೋಡಿದ.

ಮಗಂದು ಬ್ಯಾರೆ ಮಾತು. "ಬಿಟ್ಟುಬಿಡ. ಯಾರಿಗೆ ಗೊತ್ತಾಗತೈತಿ?" ಅಂದ.

"ನಾಳೆ ಗೊತ್ತಾದ್ರ ನಮ್ಮ ಬಾಗಲಕ್ಕ ಬರತಾರ," ಅಂದಳು ಸೊಸಿ. "ನನ್ನ ನಂಬಿ ಇಟ್ಟಾರ. ಒಮ್ಮೆ ಈಕಿ ಹಂತೇಕ ಇಟ್ರ ಹೋಗತೈತಿ ಅಂತ ಆತು ಅಂದ್ರ, ಮತ್ತ ಯಾರ ಇಡತಾರ ಹೇಳ್ರಿ? ಈ ಮೇಜು ಎತ್ತಿ ಹೊರಗ ಇಡೂದು ಅಷ್ಟ."

ರಬಕವಿ ಸಾವಕಾರನ ಪೆನ್ ಡ್ರೈವ್ ತಿದ್ದದ ಹಂಗ ವಾಪಸ್ ಕೊಟ್ಟಳು. ಅಲ್ಲಿಂದ ಆಕಿ ಹೊರಗಿನ ಪೆನ್ ಡ್ರೈವ್ ಮುಟ್ಟಲಿಲ್ಲ. "ಕಾಗದದ ಮ್ಯಾಲ ಕೊಡ್ರಿ, ನಾ ಹೊಸದಾಗಿ ಬರದು ಕೊಡತೀನಿ," ಅಂತಿದ್ದಳು. ಕೆಲಸ ಇಮ್ಮಡಿ ಆತು. ಕಣ್ಣು ಕೆಂಪಗಾದವು. ಸಾವಕಾರರು ಗೊಣಗಿದ್ರು. ರಬಕವ್ಯಾಗ ಡಿಜೈನ್ ಅಂಗಡಿ ಇಟ್ಟಾವ ಒಬ್ಬ, "ಬನಹಟ್ಟಿ ಹುಡುಗಿ ಮಷಿನ್ಯಾಗ ಹುಳಾ ಬಿದ್ದಾವ," ಅಂತ ಹೇಳಿಕೊಂಡು ತಿರಗಿದ. ಅದ ಸಾಫ್ಟ್‌ವೇರ್ ಅವನ ಅಂಗಡ್ಯಾಗೂ ಇತ್ತು.

ನನಗ ಬಂದ ತ್ರಾಸು ಬ್ಯಾರೆ. ನನ್ನ ಹೊಟ್ಟ್ಯಾಗ ಹಸಿ ಮೆಣಸಿನಕಾಯಿ ನಿಲ್ಲತಾವ, ಮಾತು ನಿಲ್ಲೂದಿಲ್ಲ. ಗಿರಣಿಗೆ ಹ್ವಾದ್ರ ಹಿಟ್ಟಿನ ಜೋಡಿ ಇದೂ ಬೀಳತೈತಿ ಅಂತ ಗಿರಣಿಗೆ ಹೋಗೂದು ಬಿಟ್ಟೆ. ಮಗನ್ನ ಕಳಸಿದೆ. ಕಟ್ಟಿ ಮ್ಯಾಲ ಕುಂಡ್ರೂದು ಬಿಟ್ಟೆ. ಬಾಜೂ ಮನ್ಯಾಕಿ ಗಾಬರಿ ಬಿದ್ದು ಬಂದಳು.

"ಯಾಕಬೇ, ಆರಾಮಿಲ್ಲೇನು? ಸೊಸಿ ಕೂಡ ಜಗಳಾ ಆಗೇತೇನು?"

"ಇಲ್ಲಬೇ. ಹೊಂದಿಕಿ ಆಗೇತಿ. ಅದ ತ್ರಾಸು," ಅಂದೆ.

ಆಕಿ ಓಣಿ ತುಂಬ ಏನ್ ಹೇಳಿದಳೋ, ಮರುದಿನ ಇಬ್ಬರು ಬಂದು ನನ್ನ ಹಣಿ ಮುಟ್ಟಿ ನೋಡಿ ಹ್ವಾದ್ರು.

ಮಾಸ್ತರಗ ಸೊಸಿ ಕಾಗದ ಬರದಳು, ಕಂಪ್ಯೂಟರಿನ್ಯಾಗ, ಇಂಗ್ಲಿಷಿನ್ಯಾಗ. ಕಳಸೂಕಿಂತ ಮೊದಲ ನನಗ ಕನ್ನಡದಾಗ ಓದಿ ಹೇಳಿದಳು. ಮಾನ್ಯರಿಗೆ ನಮಸ್ಕಾರ. ತಾವೂ ತಮ್ಮ ಮನಿಯವರೂ ಕ್ಷೇಮ ಅಂತ ನಂಬೀನಿ. ನಿಮ್ಮ ಸಾಫ್ಟ್‌ವೇರಿಂದ ನಮ್ಮೂರಿನ ಎಷ್ಟೋ ಮನಿ ನಡದಾವ. ನೀವು ಪುಕಟ ಕೊಟ್ಟದ್ದು ದೊಡ್ಡ ಮನಸು. ನಮ್ಮ ಸೀರಿ ಹಿಂಗ, ನಮ್ಮ ಮಗ್ಗ ಹಿಂಗ. ಅದು ಮುಗಿಯೂದ ಇಲ್ಲ. ಕಟ್ಟಾಕಡೀಕ, 'ತಮಗ ಸಮಯ ಸಿಕ್ಕಾಗ ಒಂದು ಸಣ್ಣ ವಿಷಯ ನೋಡಬೇಕಂತ ವಿನಂತಿ' ಅಂತ ಸುರು ಮಾಡಿ, ಕಂಡಿ ಸುದ್ದಿ.

"ಇದೇನ ಹುಡುಗಿ, ಬೀಗರಿಗೆ ಬರದಂಗ ಬರದಿ?" ಅಂದೆ.

"ಮಂದಿ ತಪ್ಪು ತೋರಸೂಮುಂದ ಒಮ್ಮೆಲೆ ಮಾರಿಗೆ ಹೊಡದಂಗ ಹೇಳಬಾರದ್ರಿ. ಅವ ಪುಕಟ ದುಡಿಯಾವ. ಬ್ಯಾಸರಾದ್ರ?"

ಹೌದು ಅನಿಸ್ತು. ಮುಧೋಳದ ಮಂದಿ ಮರ್ಯಾದಿಗೆ ಮೊದಲ ಹೆಸರಾದವರು. ಸಾಲ ಕೇಳಾಕ ಬಂದ್ರೂ ಮೊದಲ ಎಮ್ಮಿ ಸುದ್ದಿ ಮಾತಾಡತಾರ.

ಕಾಗದ ಹೋತು. ಉತ್ತರ ಬರಲಿಲ್ಲ. ದಿನಾ ಮುಂಜಾನೆ ಹಲ್ಲು ತಿಕ್ಕೂಕಿಂತ ಮೊದಲ ಪರದೆ ತಗದು ನೋಡತಿದ್ದಳು. ಅತ್ಲಾಗ ಕಾಕು, "ನನ್ನ ಗುಬ್ಬಿ ಎಲ್ಲಿತನಕ ಬಂತು?" ಅಂತ ಫೋನ್ ಮಾಡತಿದ್ರು. ಇತ್ಲಾಗ ಸೊಸಿ, "ಆಗಾಕತ್ತೈತ್ರಿ ಕಾಕು," ಅಂತ ಹೇಳಿ, ಫೋನ್ ಇಟ್ಟ ಮ್ಯಾಲ ಮತ್ತ ಪರದೆ ತಗದು ನೋಡತಿದ್ದಳು. ಮಾಸ್ತರ ಮುಚ್ಚೂತನಕ ಕಾಕುಗ ಹೇಳೂಹಂಗಿಲ್ಲ, ಹೇಳದ ಇದ್ರ ನಂಬಿದವರಿಗೆ ಮೋಸ ಮಾಡಿದಂಗ. ನನಗ ಆ ಮಾಸ್ತರನ ಮ್ಯಾಲ ಅಸಾಧ್ಯ ಸಿಟ್ಟು ಬಂತು. ಹೌಸಿಗೆ ಮಗ್ಗ ಇಟ್ಟಾವ, ಕಂಡಿನೂ ಹೌಸಿಗೆ ಇಟ್ಟಾನ ಅಂತ ಬೈದೆ. ಇನ್ನೂ ಬೈದದ್ದು ಐತಿ. ಅದನ್ನ ಸೊಸಿ ಅಳಸ್ಯಾಳ.

ಕಡೀಕ ಆಕಿ ಜಮಖಂಡಿ ಕಾಲೇಜಿನ ತನ್ನ ಹಳೇ ಮಾಸ್ತರಿಣಿಗೆ ಫೋನ್ ಮಾಡಿದಳು. ಆಕಿ ಆ ಕಾಗದ ಓದಿಸಿ ಕೇಳಿ, ಫೋನಿನ್ಯಾಗ ನಕ್ಕದ್ದು ನನಗೂ ಕೇಳಿಸ್ತು. "ಏ, ಮೊದಲನೇ ಸಾಲಿನ್ಯಾಗ ಹಾವು ತೋರಸವಾ. ಕ್ಷೇಮಸಮಾಚಾರ ಆಮ್ಯಾಲ ಕೇಳಾಕ ಬರತೈತಿ," ಅಂದ್ರಂತ.

ಎರಡನೇ ಕಾಗದದ ಜೋಡಿ ಸೊಸಿ ತಾನ ಒಂದು ಸುಳ್ಳು ಲೆಕ್ಕದ ಡಿಜೈನ್ ಮಾಡಿ ಇಟ್ಟಳು. ಮ್ಯಾಲ ಬರದದ್ದು ಇಷ್ಟ: ಇದನ್ನ ತಗೀರಿ, ದಡ್ಯಾಗ ಏನ್ ಕಾಣತೈತಿ ನೋಡ್ರಿ, ಅದು ನಾ ಬರದದ್ದಲ್ಲ, ನಿಮ್ಮ ಮಷಿನ್ಯಾಗಿಂದು.

ಮರುದಿನ ಉತ್ತರ ಬಂತು. ಸೊಸಿ ಓದಿಕೋತ ಓದಿಕೋತ ಸೆರಗು ಬಾಯಿಗೆ ಹಿಡಕೊಂಡಳು. ಅಳಾಕತ್ತಾಳ ಅಂತ ನಾ ಕಂಡಿಕಿ ಬಿಟ್ಟು ಎದ್ದು ಬಂದೆ. ನಗಾಕತ್ತಿದ್ದಳು.

"ಏನಂತ?"

"ಮೊದಲನೇ ಕಾಗದ ಅವಗ ಮುಟ್ಟೇತ್ರಿ ಅತ್ತಿ. ಅರ್ಧ ಓದ್ಯಾನ. ಇಷ್ಟು ವರ್ಷದಾಗ ಯಾರೂ ಹಿಂಗ ಛಲೋ ಅಂದು ಬರದಿರಲಿಲ್ಲಂತ. ಹೆಂಡತಿಗೆ ಓದಿ ತೋರಿಸ್ಯಾನಂತ. ಇನ್ನರ್ಧ ರಜಾ ದಿನ ಸಮಾಧಾನದಲೆ ಓದೂಣು ಅಂತ ತಗದಿಟ್ಟಾನಂತ. ಕೆಳಗ ಕಂಡಿ ಸುದ್ದಿ ಇದ್ದದ್ದು ನೋಡೇ ಇಲ್ಲ. ಎರಡನೇದು ತಗದಾಗ ಅವನ ಹೆಂಡತಿ ಟವೆಲ್ಲಿನ ಡಿಜೈನು ದಡ್ಯಾಗ ಬಂತಂತ. ಅಂಜಿ ಕುರ್ಚಿ ಬಿಟ್ಟು ಎದ್ದೆ ಅಂತ ಬರದಾನ."

ನನ್ನ ಸಿಟ್ಟು ಅಲ್ಲೇ ಇಳೀತು. ಪಾಪ. ಪುಕಟ ಕೊಟ್ಟಾವಗ ಯಾರ ಛಲೋ ಅಂತಾರ? ಕೆಟ್ರ ಬೈಯಾಕ ಅಷ್ಟ ಬರತಾರ. ಒಂದು ಹೊಗಳಿಕಿ ಸಿಕ್ಕಿತ್ತು, ಅದನ್ನ ಹಬ್ಬದ ಉಂಡಿ ಹಂಗ ಎತ್ತಿಟ್ಟಿದ್ದ.

ಆಮ್ಯಾಲ ಅವರಿಬ್ಬರದು ದಿನಾ ಮಾತು. ಅವ ಒಂದು ನಮೂನಿ ಮುಚ್ಚಿದ, ಅದರಿಂದ ನಮ್ಮ ದಡಿ ಇಲ್ಲದ ಡಿಜೈನ್ ಒಂದೂ ತಗೀದಂಗ ಆತು. ಸೊಸಿ ಹಿಂಗಲ್ಲ ಅಂತ ತಿರುಗಿ ಬರದಳು. ದಡಿ ಬಿಟ್ಟು ಯಾಕ ಬರೀತೀರಿ ಅಂತ ಅವ ಕೇಳಿದ. ಈಕಿ ತಿಳಿಸಿ ಹೇಳಿದಳು. ಹಂಗಾರ ನಿಮ್ಮ ಸೀರಿ ಒಂದು ಫೋಟೊ ಕಳಸ್ರಿ ಅಂದ. ನಾ ಉಟ್ಟ ಸೀರಿದ ತಗದು ಕಳಸಿದಳು. ದಡಿ ಹಿಡಕೊಂಡು ನಿಂದರ್ರಿ ಅಂದಳು, ನಿಂತೆ. ನಗಬ್ಯಾಡ್ರಿ ಅನ್ನಲಿಲ್ಲ, ಅದಕ್ಕ ನನ್ನ ಇದ್ದ ಹಲ್ಲೆಲ್ಲಾ ಆ ದೇಶಕ್ಕ ಹ್ವಾದ್ವು. ಅವ ಮತ್ತ ತಿದ್ದಿದ. ಇನ್ನ ಮ್ಯಾಲ ಎಳಿ ಕಡಿಮಿ ಬಿದ್ರ ಆ ಜಾಗಾ ಖಾಲಿ ಇರತೈತಿ, ಇನ್ನೊಬ್ಬರದು ಎಳಕೊಂಡು ಬರೂದಿಲ್ಲ.

ಅಲ್ಲಿಗೆ ಮುಗೀತು ಅಂತ ನಾ ಅಂದ್ಕೊಂಡಿದ್ದೆ. ಮುಗಿದಿರಲಿಲ್ಲ. ಮುಚ್ಚಿದ ಮ್ಯಾಲ ಜಗತ್ತಿಗೆಲ್ಲಾ ಸಾರತಾರಂತ, ಹಿಂಗೊಂದು ಕಂಡಿ ಇತ್ತು, ಎಲ್ಲಾರೂ ಹೊಸಾದು ಹಾಕ್ಕೊಳ್ರಿ ಅಂತ. ಕಂಡಿಗೆ ಒಂದು ನಂಬರ್ ಬ್ಯಾರೆ ಕೊಡತಾರ, ಸೊಸೈಟಿಯವರು ಆಡಿನ ಕಿವಿಗೆ ಬಿಲ್ಲೆ ಹೊಡದಂಗ. ಹುಡುಕಿದವರ ಹೆಸರು, ಊರು ಹಾಕೂದು ಪದ್ಧತಿ. ನಿಂದು ಹಾಕಲೋ ಬ್ಯಾಡೋ ಅಂತ ಮಾಸ್ತರ ಕೇಳಿದ.

ಸೊಸಿ ಎರಡು ದಿನ ಉತ್ತರ ಕೊಡಲಿಲ್ಲ. ಹೆಸರು ಬಂದ್ರ ಮಾನ. ಬಂದ್ರ, ಬನಹಟ್ಟಿಯ ಈಕಿ ಮಷಿನ್ಯಾಗ ಕಂಡಿ ಇತ್ತು, ಗೊತ್ತಿದ್ದೂ ಇಷ್ಟ ದಿನ ಬಾಯಿ ಬಿಡಲಿಲ್ಲ ಅಂತ ಸಾವಕಾರರಿಗೂ ಗೊತ್ತಾಗತೈತಿ.

"ಹೆಸರು ಬ್ಯಾಡ ಅಂದುಬಿಡ," ಅಂದ ಮಗ.

"ಹೆಸರು ಹಾಕಲಿ," ಅಂದಳು. "ಅದು ಬರೂಕಿಂತ ಮೊದಲ ನಾನ ಕರದು ಹೇಳತೀನಿ."

ಮಗ್ಗ ಬಂದ್ ಇದ್ದ ದಿನ ಎಲ್ಲಾ ಸಾವಕಾರರನ್ನ ಮನಿಗೆ ಕರದಳು. ನಾ ಚುರಮರಿ ಕಲಸಿದೆ, ಹಾಲು ಹೆಚ್ಚು ಹಾಕಿ ಚಹಾ ಮಾಡಿದೆ. ಏನೋ ಸೀಮಂತ ಐತಿ ಅಂತ ಅಂದ್ಕೊಂಡು ಕಾಕು ಕುಬಸದ ಖಣ ಹಿಡಕೊಂಡು ಬಂದಿದ್ರು. ಸೊಸಿ ಈ ಸಲ ಯಾರ ಕ್ಷೇಮಾನೂ ಕೇಳಲಿಲ್ಲ. ನಿಂತು, "ನೀವು ನನ್ನ ಹಂತೇಕ ಇಟ್ಟ ಡಿಜೈನು ಇನ್ನೊಬ್ಬರ ಕೈಗೆ ಹೋಗೂಹಂಗ ಒಂದು ಕಂಡಿ ಇತ್ತು. ಈಗ ಮುಚ್ಚೇತಿ. ಮುಚ್ಚೂತನಕ ನಾ ನಿಮಗ ಹೇಳಲಿಲ್ಲ," ಅಂದಳು. ಆಮ್ಯಾಲ ರಬಕವಿ ಸಾವಕಾರನ ದಡಿ ಸುದ್ದಿ ಎಲ್ಲಾ ಹೇಳಿದಳು.

ಕಾಕು ಚುರಮರಿ ತಾಟು ಕೆಳಗ ಇಟ್ರು.

"ಅಗಬಾಯಿ!" ಅಂದ್ರು ಕಾಕು. "ನನ್ನ ಗುಬ್ಬಿ ಇವರ ದಡ್ಯಾಗ ಕುಂತಿತ್ತ?"

ರಬಕವಿ ಸಾವಕಾರ ಎರಡೂ ಕೈ ಎತ್ತಿದ. "ಬೀರದೇವರ ಆಣಿರಿ ಬಾಯಾರ, ನಾ ನೋಡಿಲ್ಲ. ನೋಡಿದ್ರೂ ನಿಮ್ಮ ಗುಬ್ಬಿ ಒಯ್ದು ನಾ ಏನ್ ಮಾಡ್ಲಿ? ನನ್ನ ಗಿರಾಕಿ ಚೌಕಡಿ ಬಿಟ್ಟು ಬ್ಯಾರೆ ಉಡೂದಿಲ್ಲ. ನಮ್ಮಪ್ಪನ ಕಾಲದಿಂದ ಅದ ಚೌಕಡಿ ನೇಯ್ದು ಸಾಯಾಕತ್ತೀನಿ."

ನಾಕು ಮಂದಿ ನಕ್ರು. ಒಬ್ಬ ನಗಲಿಲ್ಲ. ಎಲಿ ಅಡಕಿ ಹಾಕ್ಕೊಂಡು ಮೂಲ್ಯಾಗ ಕುಂತಿದ್ದ ದೊಡ್ಡ ಸಾವಕಾರ. "ಗೊತ್ತಿದ್ದೂ ಸುಮ್ನ ಇದ್ದಿ?"

"ಹೇಳಿದ್ರ ಹೊರಗ ಬೀಳತಿತ್ತರಿ. ಹೊರಗ ಬಿದ್ರ ಮುಚ್ಚೂಕಿಂತ ಮೊದಲ ಕದೀತಿದ್ರು. ಅದಕ್ಕ ಹೊರಗಿನ ಪೆನ್ ಡ್ರೈವ್ ಬಂದ್ ಮಾಡಿದ್ದೆ. ನಿಮ್ಮದು ಒಂದೂ ಹೋಗಿಲ್ಲರಿ, ನಾ ಎಲ್ಲಾ ತಗದು ನೋಡೀನಿ."

"ಅದನ್ನ ನೀ ಹೇಳಬೇಕು, ನಾ ನಂಬಬೇಕು. ನಂದು ಅಷ್ಟೂ ಅಳಸು. ನನ್ನ ಮುಂದ ಅಳಸು."

ಅಳಸಿದಳು. ಅವ ನೋಡಿಕೋತ ನಿಂತು, ಚಪ್ಪಲಿ ಮೆಟ್ಟಿ ಹೋದ. ಮತ್ತ 'ಈ ಕಡಿ' ಹಾಯಲಿಲ್ಲ. ಅವನ ಕೆಲಸ ಉಳದವರೆಲ್ಲರದಕ್ಕಿಂತ ಹೆಚ್ಚಿಂದು. ಅವನ ಮ್ಯಾಲ ನನಗ ಸಿಟ್ಟಿಲ್ಲ. ಅವನ ಜಾಗಾದಾಗ ನಾ ಇದ್ರೂ ಹಂಗ ಮಾಡತಿದ್ದೆ.

ಎಲ್ಲಾರೂ ಎದ್ದ ಮ್ಯಾಲ ಕಾಕು ಉಳದ್ರು. ಅವರ ದನಿ ಸಣ್ಣಗಿತ್ತು. "ಉಳದವರಿಗೆ ಕೂಡಿಸಿ ಹೇಳಿದಿ, ಛಲೋ ಆತು. ಆದ್ರ ಮಂದಿ ದಡ್ಯಾಗ ಹ್ವಾದ ಗುಬ್ಬಿ ನಂದಲ್ಲೇನ? ನನಗ ಇವರ ಜೋಡಿ ಚಾಪಿ ಮ್ಯಾಲ ಕುಂಡ್ರಿಸಿ ಹೇಳತೀಯಲ್ಲ. ಮೊದಲ ನನ್ನ ಮನಿಗೆ ಬಂದು ನನಗೊಬ್ಬಾಕಿಗೆ ಹೇಳಬೇಕಿತ್ತು. ಆ ಪರದೇಶಿ ಮಾಸ್ತರಗ ಎರಡು ಕಾಗದ ಬರದಿ, ಜಮಖಂಡಿಗೆ ಒಂದು ಬಸ್ ಹಿಡೀಲಿಲ್ಲ."

"ಬರಬೇಕಿತ್ತರಿ ಕಾಕು," ಅಂದಳು ಸೊಸಿ.

ನಾ ನಡುವ ಬಾಯಿ ಹಾಕಿದೆ. "ಚಹಾನರ ಕುಡದು ಸಿಟ್ಟಾಗ್ರಿ ಬಾಯಾರ. ಹಾಲಿಂದು ಮಾಡೀನಿ."

ಕುಡೀಲಿಲ್ಲ. ಖಣ ಮಾತ್ರ ಇಟ್ಟು ಹ್ವಾದ್ರು. ತಂದದ್ದು ವಾಪಸ್ ಒಯ್ಯಬಾರದಲ್ಲ.

ಮಾಸ್ತರ ತಿದ್ದಿದ ಹೊಸಾದು ಬಂದ ಮ್ಯಾಲ ಸೊಸಿ ಅದನ್ನ ಪೆನ್ ಡ್ರೈವಿನ್ಯಾಗ ಹಾಕ್ಕೊಂಡು ಆಟೋದಾಗ ಊರೂರ ತಿರುಗಿದಳು. ಆ ಸಾಫ್ಟ್‌ವೇರ್ ಎಲ್ಲೆಲ್ಲೆ ಇತ್ತು ಅಲ್ಲೆಲ್ಲಾ ಹಾಕಿ ಬಂದಳು. ನಾನೂ ಜೋಡಿ ಹೋಗತಿದ್ದೆ. ಬಾಯಿ ಬಿಚ್ಚಾಕ ಈಗ ಪರವಾನಿಗಿ ಸಿಕ್ಕಿತ್ತು, ಆಟೋದಾಗ ಕುಂತವರಿಗೆಲ್ಲಾ ಹೇಳಿದೆ. ಹುಳಾ ಬಿದ್ದಾವ ಅಂದಾವನ ಅಂಗಡಿಗೂ ಹೋದ್ವಿ. "ನಂದ್ರಾಗ ಏನೂ ಇಲ್ಲವಾ," ಅಂದ. ಸೊಸಿ ಏನೂ ಅನ್ನದ ಸುಳ್ಳು ಲೆಕ್ಕದ ಡಿಜೈನ್ ತಗದು ತೋರಿಸಿದಳು. ಅವನ ಗಿರಾಕಿ ಒಬ್ಬರ ಸೆರಗು ದಡ್ಯಾಗ ಬಂದು ಕುಂತಿತು. ಅವ ಎದ್ದು ಹೋಗಿ ಅಂಗಡಿ ಬಾಗಲಾ ಮುಂದ ಮಾಡಿ ಬಂದ. "ಲಗೂನ ಹಾಕವಾ ತಂಗಿ, ಯಾರರ ನೋಡ್ಯಾರು," ಅಂದ. ನಮಗಿಬ್ಬರಿಗೂ ಸೋಡಾ ತರಿಸಿದ.

ಜಮಖಂಡಿಗೂ ಹೋದ್ವಿ. ಕಾಕು ಮನ್ಯಾಗ ಡಿಜೈನ್ ನೋಡಾಕ ಇಟ್ಟ ಸಣ್ಣದೊಂದು ಕಂಪ್ಯೂಟರ್ ಇತ್ತು, ಅದರಾಗೂ ಹೊಸಾದು ಹಾಕಬೇಕಿತ್ತು. ಅವರು ಝೋಕಾಲಿ ಮ್ಯಾಲ ಕುಂತು ನೋಡಿದ್ರು. ಹಾಕಿ ಆದ ಮ್ಯಾಲ ಸೊಸಿ, "ಗುಬ್ಬಿ ಮುಗದೈತ್ರಿ ಕಾಕು," ಅಂತ ಮಾಡಿಟ್ಟದ್ದು ಕೈಯಾಗ ಕೊಟ್ಟಳು. ತಗೊಂಡ್ರು. ಬಸ್ಸಿನ್ಯಾಗ ತಿರುಗಿ ಬರೂಮುಂದ ಸೊಸಿ ಕಿಡಕಿ ಕಡಿ ಮಾರಿ ಮಾಡಿ ಕುಂತಿದ್ದಳು. ಸಮಾಧಾನ ಮಾಡಾಕ ನನಗ ಬರೂದಿಲ್ಲ. ಶೇಂಗಾ ತಗೊಂಡೆ, ಸುಲದು ಸುಲದು ಆಕಿ ಉಡ್ಯಾಗ ಹಾಕಿದೆ. ತಿಂದಳು.

ಮಾಸ್ತರ ಜಗತ್ತಿಗೆ ಸಾರಿದ್ದು ಬಂತು. ಹೆಸರು, ಊರು ಇತ್ತಂತ. ಮಗ ಅದನ್ನ ಕಾಗದದ ಮ್ಯಾಲ ತಗಸಿ ಮಗ್ಗದ ಕ್ವಾಣ್ಯಾಗ ಹಚ್ಚಿದ, ಅರಳಿ ಧೂಳು ಕುಂತು ಅದು ಎಂಟು ದಿನದಾಗ ಕಾಣಲಾರದಂಗ ಆತು. ಸೀಜನ್ ಬಂತು. ಸಜ್ಜಿ ತೆನಿ ಸೀರಿ ಪ್ಯಾಟ್ಯಾಗ ಬಂತು, ಕಾಕುಂದ ಮೊದಲು ಬಂತು. ಬ್ಯಾರೆ ಯಾರದೂ ಅಂಥಾದ್ದು ಬರಲಿಲ್ಲ. ಸೊಸಿ ಅಂಗಡಿ ಅಂಗಡಿ ನೋಡಿ ಬಂದು ಹೇಳಿದಳು. ಆದ್ರ ಕಾಕು ಬರಲಿಲ್ಲ. ರಬಕವಿ ಸಾವಕಾರ ಚೌಕಡಿ ತಂದ, ಉಳದವರೂ ತಂದ್ರು. ಮೇಜು ಹೊರಗ ಇಡೂ ಪಾಳಿ ಬರಲಿಲ್ಲ. ಆದ್ರೂ ಬಾಗಲಾ ಸಪ್ಪಳಾದಾಗೊಮ್ಮೆ ಆಕಿ ತಲಿ ಎತ್ತತಿದ್ದಳು. ನಂಗ ಗೊತ್ತಿತ್ತು ಯಾರ ಸಲುವಾಗಿ ಅಂತ.

ಸಂಕ್ರಮಣ ಆದ ಮ್ಯಾಲ ಒಂದು ದಿನ ಮಧ್ಯಾಹ್ನ. ನಾ ಬಾಗಲದಾಗ ಕುಂತು ಕಂಡಿಕಿ ಸುತ್ತಾಕತ್ತಿದ್ದೆ. ಕಾಕು ಆಟೋ ಇಳದ್ರು. ನನ್ನ ದಾಟಿ ಒಳಗ ಹ್ವಾದ್ರು, ಆರಾಮದೀರೇನು ಅಂತ ಕೇಳಲಿಲ್ಲ. ಚೀಲದಾಗಿಂದ ಪೆನ್ ಡ್ರೈವ್ ತಗದು ಮೇಜಿನ ಮ್ಯಾಲ ಇಟ್ರು.

"ಈ ಸಲ ದಡಿನೂ ನಾನ ಬರದೀನಿ," ಅಂದ್ರು. "ಮೊದಲ ಲೆಕ್ಕ ಎಣಸಿ ನೋಡು. ಲಗೂ ಮಾಡು, ನನಗ ಬಸ್ ಐತಿ."

ಸೊಸಿ ಎಣಸಾಕ ಕುಂತಳು. ನಾ ಚಹಾಕ್ಕ ಇಟ್ಟೆ. ಆ ಬಸ್ ಹೋತು, ಅದರ ಮುಂದಿಂದೂ ಹೋತು.